ಹಿಂದಿನ ಪುಟಗಳಿಂದ ಶುರು ಮಾಡಿ: ಬೆಂಗಳೂರಿನಲ್ಲಿ ಇತಿಹಾಸದ ಪುಸ್ತಕ ಕೊಳ್ಳುವವರಿಗೆ

ನಾನು ಚಿಕ್ಕಪೇಟೆಯ ಒಂದು ಬಟ್ಟೆ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಪ್ಪತ್ತೆರಡು ವರ್ಷ ಆಯಿತು. ಓದಿದ್ದು ಬಿ.ಕಾಂ. ಹೈಸ್ಕೂಲಿನ ಸಮಾಜ ಪಾಠ ಮುಗಿದ ಮೇಲೆ ನನಗೆ ಇತಿಹಾಸ ಕಲಿಸಿದವರು ಯಾರೂ ಇಲ್ಲ. ಆದರೂ ಸಂಬಳ ಬಂದ ಮೊದಲ ಭಾನುವಾರ ಒಂದು ಇತಿಹಾಸದ ಪುಸ್ತಕ ಮನೆಗೆ ಬರಲೇಬೇಕು. ಹಾಗೆ ಒಂದೊಂದೇ ಸೇರಿ ಈಗ ಎರಡು ಬೀರು ತುಂಬಿವೆ.

ಇವು ಪಂಡಿತರು ಪಂಡಿತರಿಗೆ ಬರೆದ ಪುಸ್ತಕಗಳಲ್ಲ. ಬಸ್ಸಿನಲ್ಲಿ ಕೂತು ಓದುವ, ರಾತ್ರಿ ಪಾತ್ರೆ ತೊಳೆದಿಟ್ಟು ಓದುವ ನಮ್ಮಂಥವರಿಗೆ ಅಂತ ಬರೆದವು. ಇಂಥವು ಈಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಜಾಸ್ತಿ ಬರುತ್ತಿವೆ. ಪರಿಚಯದವರು "ಯಾವುದು ತಗೊಳ್ಳಲಿ?" ಅಂತ ಕೇಳುತ್ತಿರುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಸಲ ಬರೆದೇ ಬಿಡೋಣ ಅನ್ನಿಸಿತು. ಪುಸ್ತಕಗಳ ಹೆಸರು ಹೇಳಿ ಅಂಕ ಕೊಡುವುದಿಲ್ಲ. ಅಂಗಡಿಯಲ್ಲಿ ನಿಂತು ಐದು ನಿಮಿಷದಲ್ಲಿ ಒಳ್ಳೆಯದನ್ನು ಹೇಗೆ ಗುರುತಿಸುತ್ತೇನೆ, ಯಾವ ಅಂಗಡಿಗೆ ಹೋಗುತ್ತೇನೆ, ದುಡ್ಡು ಎಲ್ಲಿ ಕಳೆದುಕೊಂಡೆ, ಅದನ್ನು ಹೇಳುತ್ತೇನೆ.

ಮೊದಲು ನನ್ನ ಊರಿನ ಕಥೆ ಹೇಳಬೇಕು. ನನ್ನ ತವರು ಬೇಗೂರು. ಈಗ ಅದು ಬೆಂಗಳೂರಿನ ಒಳಗೇ ಸೇರಿಹೋಗಿದೆ. ನಾನು ಚಿಕ್ಕವಳಿದ್ದಾಗ ಹೊಲ, ಕೆರೆ, ನಾಗೇಶ್ವರನ ಗುಡಿ ಇದ್ದ ಹಳ್ಳಿ. ಗುಡಿಯ ಆವರಣದಲ್ಲಿ ಅಕ್ಷರ ಕೆತ್ತಿದ ಹಳೇ ಕಲ್ಲುಗಳಿದ್ದವು. ಸಂಜೆ ಹೊತ್ತು ನಾವು ಮಕ್ಕಳು ಅವುಗಳ ಸುತ್ತ ಆಡುತ್ತಿದ್ದೆವು. ಅದರಲ್ಲಿ ಏನು ಬರೆದಿದೆ ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ರಾತ್ರಿ ಅಪ್ಪ ಕಥೆ ಹೇಳುತ್ತಿದ್ದರು. ವೀರಬಲ್ಲಾಳ ರಾಜ ಬೇಟೆಗೆ ಬಂದ, ಕಾಡಿನಲ್ಲಿ ದಾರಿ ತಪ್ಪಿದ, ಹಸಿದು ಒಂದು ಗುಡಿಸಲಿಗೆ ಬಂದ. ಅಲ್ಲಿದ್ದ ಅಜ್ಜಿ ಬೇಯಿಸಿದ ಕಾಳು ಕೊಟ್ಟಳು. ಅದಕ್ಕೇ ಬೆಂದಕಾಳೂರು, ಅದೇ ಬೆಂಗಳೂರು. ಈ ಕಥೆ ಕೇಳದ ಮಗು ನಮ್ಮ ಕಡೆ ಇಲ್ಲ, ಅಲ್ವಾ? ನನಗೆ ಅದು ತುಂಬ ಇಷ್ಟ. ಈಗಲೂ ಇಷ್ಟ. ಹಸಿದವನಿಗೆ ಊಟ ಕೊಟ್ಟವಳ ಹೆಸರಲ್ಲಿ ಒಂದು ಊರು ಅಂದರೆ ಎಷ್ಟು ಚೆಂದ.

ಮದುವೆಯಾಗಿ ಬೆಂಗಳೂರಿನದೇ ಶ್ರೀನಗರ ಬಡಾವಣೆಗೆ ಬಂದ ಮೇಲೆ ಒಂದು ದಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ, ಗೈಡುಗಳ ರಾಶಿಯ ಅಡಿಯಿಂದ, ಒಂದು ಸಣ್ಣ ಪುಸ್ತಕ ಎಳೆದೆ. ರಟ್ಟು ಕಿತ್ತುಹೋಗಿತ್ತು. ಇಪ್ಪತ್ತು ರೂಪಾಯಿ ಕೊಟ್ಟು ತಂದೆ. ಅದರಲ್ಲಿ ಬೇಗೂರಿನ ಹೆಸರಿತ್ತು. ನಮ್ಮ ಗುಡಿಯ ಆವರಣದ ಒಂದು ಕಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ, ಅದರ ಕಾಲ ಸುಮಾರು 890 ಅಂತ ಬರೆದಿತ್ತು. ಗಂಗರ ಕಾಲ. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಅಂದರೆ ರಾಜ ದಾರಿ ತಪ್ಪಿ ಬರುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು.

ಅವತ್ತು ನಾನು ಅತ್ತುಬಿಟ್ಟೆ. ಕಥೆ ಸುಳ್ಳಾಯಿತು ಅಂತ ಅಲ್ಲ. ನಾನು ಬೆನ್ನು ಕೊಟ್ಟು ಕೂರುತ್ತಿದ್ದ ಕಲ್ಲುಗಳ ನಡುವೆ ಇಡೀ ಊರಿನ ಹೆಸರು ಇತ್ತು, ನನಗೆ ಗೊತ್ತಿರಲಿಲ್ಲ ಅಂತ. ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅಜ್ಜಿ ಕಥೆ ಯಾರು ಕಟ್ಟಿದರಮ್ಮ?" ಅಂದರು. ಒಳ್ಳೆಯ ಪ್ರಶ್ನೆ. ಒಳ್ಳೆಯ ಇತಿಹಾಸದ ಪುಸ್ತಕ ಅದನ್ನೂ ಕೇಳುತ್ತದೆ.

ಅಂದಿನಿಂದ ಇದೇ ನನ್ನ ಪರೀಕ್ಷೆ. ಬೆಂಗಳೂರಿನ ಬಗ್ಗೆಯೋ ಕರ್ನಾಟಕದ ಬಗ್ಗೆಯೋ ಯಾವ ಪುಸ್ತಕ ಕೈಗೆ ಬಂದರೂ ಬೆಂದಕಾಳಿನ ಪುಟ ಹುಡುಕುತ್ತೇನೆ. ಕೆಲವರು ಕಥೆಯನ್ನು ನಡೆದ ಸಂಗತಿಯ ಹಾಗೆ ಬರೆದು ಮುಂದೆ ಹೋಗುತ್ತಾರೆ. ಆ ಪುಸ್ತಕವನ್ನು ಕೆಳಗಿಡುತ್ತೇನೆ. ಕೆಲವರು "ಇದೆಲ್ಲ ಕಟ್ಟುಕಥೆ" ಅಂತ ಒಂದೇ ಸಾಲಿನಲ್ಲಿ ತಳ್ಳುತ್ತಾರೆ. ಅದನ್ನೂ ಅರೆಮನಸ್ಸಿನಿಂದಲೇ ನೋಡುತ್ತೇನೆ. ಮೂರನೆಯವರು ಕಥೆಯನ್ನು ಕಥೆ ಅಂತ ಪ್ರೀತಿಯಿಂದ ಹೇಳಿ, ಆಮೇಲೆ ನಮ್ಮನ್ನು ಬೇಗೂರಿಗೆ ಕರೆದುಕೊಂಡು ಹೋಗಿ ಕಲ್ಲು ತೋರಿಸುತ್ತಾರೆ. ಆ ಪುಸ್ತಕಕ್ಕೆ ಬೆಲೆ ನೋಡದೆ ದುಡ್ಡು ಕೊಡುತ್ತೇನೆ.

ಇದಕ್ಕೆ ನನ್ನ ಕೆಲಸವೂ ಕಾರಣ. ನಮ್ಮ ಸೇಠು ಒಳ್ಳೆಯ ಮನುಷ್ಯ. ಆದರೆ ಖರ್ಚು ಬರೆಯುವಾಗ ವೋಚರ್ ಇಲ್ಲದಿದ್ದರೆ ಸ್ವಂತ ಮಗನ ಮಾತನ್ನೂ ನಂಬುವುದಿಲ್ಲ. "ಬಿಲ್ಲು ಎಲ್ಲಮ್ಮ?" ಅನ್ನುತ್ತಾರೆ. ನಾನು ಇತಿಹಾಸ ಬರೆಯುವವರನ್ನೂ ಅದನ್ನೇ ಕೇಳುತ್ತೇನೆ. ನೀವು ಹೇಳಿದ್ದು ಚೆನ್ನಾಗಿದೆ ಸ್ವಾಮಿ, ಬಿಲ್ಲು ಎಲ್ಲಿ?

ಅದಕ್ಕೇ ಅಂಗಡಿಯಲ್ಲಿ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತೇನೆ. ಟಿಪ್ಪಣಿಗಳು ಇವೆಯಾ? ಯಾವ ಶಾಸನ, ಯಾವ ಕಡತ, ಯಾವ ಪ್ರವಾಸಿಯ ಬರಹ ಅಂತ ಹೇಳಿದ್ದಾರಾ? ಯಾವ ಹೆಸರು ಯಾವ ಪುಟದಲ್ಲಿದೆ ಅಂತ ಹೇಳುವ ಪದಸೂಚಿ ಇದೆಯಾ? ಇವು ಇದ್ದರೆ ಪುಸ್ತಕ ಕಷ್ಟ ಆಗುತ್ತದೆ ಅಂತ ಕೆಲವು ಪ್ರಕಾಶಕರು ಅಂದುಕೊಂಡಿದ್ದಾರೆ. ಖಂಡಿತ ಇಲ್ಲ. ಓದಲು ಇಷ್ಟ ಇಲ್ಲದವರು ಬಿಟ್ಟು ಮುಂದೆ ಹೋಗಬಹುದು. ಬೇಕಾದವರಿಗೆ ಅದು ಬಾಗಿಲು. ನಾನು ಎಷ್ಟೋ ಪುಸ್ತಕಗಳ ವಿಳಾಸವನ್ನು ಇನ್ನೊಂದು ಪುಸ್ತಕದ ಹಿಂದಿನ ಪುಟಗಳಲ್ಲೇ ಕಂಡುಕೊಂಡೆ.

ಒಂದು ಉದಾಹರಣೆ ಕೊಡುತ್ತೇನೆ. ವಿಜಯನಗರದ ಬಗ್ಗೆ ನನ್ನ ಹತ್ತಿರ ಎರಡು ಪುಸ್ತಕ ಇವೆ. ಎರಡರಲ್ಲೂ ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಅಂತ ಇದೆ. ಮೊದಲನೆಯದು ಸುಮ್ಮನೆ ಅಂಕಿ ಕೊಟ್ಟು ಆಶ್ಚರ್ಯದ ಚಿಹ್ನೆ ಹಾಕಿದೆ. ಎರಡನೆಯದು ಆ ಅಂಕಿ ಯಾರದು ಅಂತ ಹೇಳುತ್ತದೆ. ಸುಮಾರು 1535ರ ಹೊತ್ತಿಗೆ ವಿಜಯನಗರದ ವಿಷಯ ಬರೆದ ನ್ಯೂನಿಜ್ ಅನ್ನುವ ಪೋರ್ಚುಗೀಸನದು. ಅವನ ಬರಹ ಇಂಗ್ಲಿಷಿಗೆ ಬಂದಿದ್ದು 1900ರಲ್ಲಿ, ರಾಬರ್ಟ್ ಸಿವೆಲ್ ಅನ್ನುವ ಅಧಿಕಾರಿಯ ಪುಸ್ತಕದಲ್ಲಿ. ಈಗ ನನಗೆ ಆ ಅಂಕಿಯನ್ನು ತೂಗಲು ಬರುತ್ತದೆ. ಹೊರಗಿನವನೊಬ್ಬ ಬರೆದುಕೊಂಡದ್ದು. ಹಡಗಿನಲ್ಲಿ ಕುದುರೆ ತಂದು ಇಳಿಸುತ್ತಿದ್ದವರು ಅವನ ದೇಶದವರೇ, ಹಾಗಾಗಿ ಅವನಿಗೆ ಸ್ವಲ್ಪ ಗೊತ್ತಿರಲೂಬಹುದು, ಹೆಚ್ಚಿಸಿ ಹೇಳಿರಲೂಬಹುದು. ಎರಡೂ ಪುಸ್ತಕದಲ್ಲಿ ಇದ್ದಿದ್ದು ಒಂದೇ ಅಂಕಿ. ಒಂದರಲ್ಲಿ ಅದು ಬರೀ ಅಂಕಿ. ಇನ್ನೊಂದರಲ್ಲಿ ಅದರ ಹಿಂದೆ ಒಬ್ಬ ಮನುಷ್ಯ ನಿಂತಿದ್ದಾನೆ.

ತಾರೀಖಿನ ವಿಷಯದಲ್ಲೂ ಹೀಗೇ. ಶಾಸನಗಳಲ್ಲಿ ಶಕ ವರ್ಷ ಇರುತ್ತದೆ. ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಶಕ ವರ್ಷ ಯುಗಾದಿಗೆ ಶುರುವಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ನಡೆದದ್ದಕ್ಕೆ 79 ಕೂಡಿಸಬೇಕು. ನಮ್ಮ ಲೆಕ್ಕದ ವರ್ಷ ಮಾರ್ಚಿಗೆ ಮುಗಿಯುತ್ತದಲ್ಲ, ಥೇಟ್ ಹಾಗೆಯೇ. ತಾಳಿಕೋಟೆ ಯುದ್ಧ ಅಂತ ನಾವು ಕರೆಯುವ ರಕ್ಕಸಗಿ-ತಂಗಡಗಿ ಯುದ್ಧ ನಡೆದದ್ದು 1565ರ ಜನವರಿ 23ರಂದು. ಆಗ ಶಕ 1486 ಇನ್ನೂ ಮುಗಿದಿರಲಿಲ್ಲ. ಕಣ್ಣು ಮುಚ್ಚಿ 78 ಕೂಡಿಸಿದರೆ 1564 ಬರುತ್ತದೆ. ಇದನ್ನು ಅರ್ಧ ಪುಟದಲ್ಲಿ ಬಿಡಿಸಿ ಹೇಳಿದ ಲೇಖಕರ ಮೇಲೆ ನನಗೆ ಗೌರವ ಬಂತು. ಓದುಗರಿಗೆ ತಲೆ ಇದೆ ಅಂತ ನಂಬಿ ಬರೆದಿದ್ದಾರೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. 1687ರಲ್ಲಿ ಮೊಗಲರ ಸೇನಾಪತಿ ಕಾಸಿಂ ಖಾನ್ ಬೆಂಗಳೂರನ್ನು ಹಿಡಿದ. ಆಮೇಲೆ ಊರು ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಗೆ ಬಂತು, ಮೂರು ಲಕ್ಷ ರೂಪಾಯಿಗೆ ಅನ್ನುತ್ತಾರೆ. ಒಂದು ಪುಸ್ತಕ "ಮಾರಿದರು" ಅನ್ನುತ್ತದೆ. ಇನ್ನೊಂದು "ಗುತ್ತಿಗೆಗೆ ಕೊಟ್ಟರು" ಅನ್ನುತ್ತದೆ. ಲೆಕ್ಕ ಬರೆಯುವವರಿಗೆ ಇವೆರಡೂ ಒಂದೇ ಅಲ್ಲ! ಮಾರಿದರೆ ಆಸ್ತಿ ಹೋಯಿತು. ಗುತ್ತಿಗೆ ಅಂದರೆ ವಾಯಿದೆ ಮುಗಿದ ಮೇಲೆ ವಾಪಸ್ ಬರಬೇಕು. ಎರಡು ಮಾತಿದೆ ಅಂತ ಹೇಳಿ, ಯಾವುದು ಯಾಕೆ ಹೆಚ್ಚು ನಂಬಿಕೆಗೆ ತಕ್ಕದ್ದು ಅಂತ ವಿವರಿಸುವ ಪುಸ್ತಕ ಬೇಕು ನನಗೆ. ಅದು ಬಿಟ್ಟು ಕೆಲವರು ಆ ಮೂರು ಲಕ್ಷವನ್ನು ಇಂದಿನ ಕೋಟಿಗಳಿಗೆ ತಿರುಗಿಸಿ ಬೆರಗು ಹುಟ್ಟಿಸಲು ಹೋಗುತ್ತಾರೆ. ಅದರ ಬದಲು ಆ ಕಾಲದಲ್ಲಿ ಒಂದು ರೂಪಾಯಿಗೆ ಏನು ಸಿಗುತ್ತಿತ್ತು ಅಂತ ಹೇಳಿದರೆ ನಮಗೆ ಅರ್ಥವಾಗುತ್ತದೆ.

ಯುದ್ಧದ ಪುಸ್ತಕಗಳನ್ನು ನಾನು ಮೊದಲು ಓದುತ್ತಿರಲಿಲ್ಲ. ಕತ್ತಿ, ರಕ್ತ, ಯಾರು ಯಾರನ್ನು ಕೊಂದರು, ಅಷ್ಟೇ ಇರುತ್ತಿತ್ತು. ಮನಸ್ಸು ಬದಲಾಗಿದ್ದು 1791ರಲ್ಲಿ ಬ್ರಿಟಿಷರು ಟಿಪ್ಪು ಮೇಲೆ ಮಾಡಿದ ಯುದ್ಧದ ಬಗ್ಗೆ ಓದಿದಾಗ. ನಾನು ಕೆಲಸ ಮಾಡುವ ಪೇಟೆಯನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿದದ್ದು ಮಾರ್ಚ್ 7ರಂದು. ಕೋಟೆ ಬಿದ್ದದ್ದು ಮಾರ್ಚ್ 21ರ ರಾತ್ರಿ. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಹತ್ತು ವರ್ಷ ಹಿಂದೆ, 1781ರಲ್ಲಿ, ಇದೇ ಕಾರ್ನ್‌ವಾಲಿಸ್ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾಗಿದ್ದವನು. ಬಹಳ ಪುಸ್ತಕಗಳು ಇಷ್ಟು ಹೇಳಿ ಶ್ರೀರಂಗಪಟ್ಟಣಕ್ಕೆ ಹಾರುತ್ತವೆ.

ನನಗೆ ಸಿಕ್ಕ ಒಂದು ಪುಸ್ತಕ ಹಾರಲಿಲ್ಲ. ಮೇ ತಿಂಗಳಲ್ಲಿ ಆ ಸೈನ್ಯ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಗಿ ಯಾಕೆ ಬರಿಗೈಯಲ್ಲಿ ತಿರುಗಿತು ಅಂತ ಕೇಳಿತು. ಉತ್ತರ ಎತ್ತುಗಳಲ್ಲಿತ್ತು. ಮೇವಿಲ್ಲದೆ ಎತ್ತುಗಳು ಸತ್ತವು. ಎತ್ತಿಲ್ಲದೆ ದೊಡ್ಡ ತೋಪುಗಳನ್ನು ಎಳೆಯಲು ಆಗಲಿಲ್ಲ. ಕೊನೆಗೆ ತಮ್ಮ ತೋಪುಗಳನ್ನು ತಾವೇ ಒಡೆದು ಹಾಕಿ ಹಿಂದಿರುಗಿದರು. ಆಮೇಲೆ ಸೈನ್ಯಕ್ಕೆ ಕಾಳು ಒದಗಿಸಿದ್ದರಲ್ಲಿ ಬಂಜಾರರ ಪಾಲು ದೊಡ್ಡದು. ಎತ್ತುಗಳ ಮೇಲೆ ಹೇರಿಕೊಂಡು ಊರಿಂದೂರಿಗೆ ದವಸ ಸಾಗಿಸುತ್ತಿದ್ದ ನಮ್ಮ ಲಂಬಾಣಿ ಜನ. ಇದನ್ನು ಓದುವಾಗ ನನಗೆ ನಮ್ಮ ಅಂಗಡಿಯ ಎದುರು ಮೂಟೆ ಇಳಿಸುವ ಹುಡುಗರೇ ಕಣ್ಣ ಮುಂದೆ ಬಂದರು. ಲಾರಿ ಬರದಿದ್ದರೆ ಯಾವ ಸೇಠೂ ವ್ಯಾಪಾರ ಮಾಡಲಾರ. ದವಸ ಬರದಿದ್ದರೆ ಯಾವ ದೊರೆಯೂ ಯುದ್ಧ ಮಾಡಲಾರ. ಇದನ್ನು ಹೇಳುವ ಪುಸ್ತಕ ಯುದ್ಧದ ಪುಸ್ತಕವಾದರೂ ತಗೊಳ್ಳಿ.

ಆ ವಾರವೇ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಉಳಿದಿರುವ ಕೋಟೆಗೆ ಹೋದೆ. ಎಷ್ಟು ವರ್ಷದಿಂದ ಅದರ ಮುಂದೆ ಬಸ್ಸಿನಲ್ಲಿ ಹೋಗಿ ಬಂದಿದ್ದೆ! ಗೋಡೆಯಲ್ಲಿ ಬ್ರಿಟಿಷರು ಹಾಕಿದ ಕಲ್ಲಿನ ಫಲಕ ಇದೆ. ಈ ಬಿರುಕಿನ ಮೂಲಕ ದಾಳಿ ನಡೆಯಿತು, ಮಾರ್ಚ್ 21, 1791 ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಗೆದ್ದವರ ಫಲಕ. ಒಳಗೆ ಸತ್ತವರ ಹೆಸರು ಅದರಲ್ಲಿ ಇಲ್ಲ. ಪುಸ್ತಕ ಓದಿದ್ದರಿಂದ ಬಹಾದ್ದೂರ್ ಖಾನನ ಹೆಸರು ನನಗೆ ಗೊತ್ತಿತ್ತು. ಅಲ್ಲಿ ನಿಂತು ಒಮ್ಮೆ ಅವನನ್ನು ನೆನೆದೆ.

ಈಗ ಬೇಸರದ ವಿಷಯ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಇತಿಹಾಸದ ಪುಸ್ತಕಗಳು. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ನಿಧಾನ. ಹಾಗಾಗಿ ಅನುವಾದ ಬಂದರೆ ಖುಷಿಯಿಂದ ಕಾಯುತ್ತೇನೆ. ಹೋದ ವರ್ಷ ಒಂದು ದಪ್ಪ ಪುಸ್ತಕಕ್ಕೆ ಐದುನೂರ ಐವತ್ತು ರೂಪಾಯಿ ಕೊಟ್ಟೆ. ಮನೆಗೆ ಬಂದು ನೋಡಿದರೆ ಮೂಲದಲ್ಲಿದ್ದ ನಕ್ಷೆ ಒಂದೂ ಇಲ್ಲ. ಪದಸೂಚಿ ಇಲ್ಲ. ಟಿಪ್ಪಣಿಗಳ ಸಂಖ್ಯೆ ಮಾತ್ರ ಸಾಲುಗಳ ಮೇಲೆ ಹಾಗೇ ಉಳಿದಿದೆ, ಟಿಪ್ಪಣಿಗಳನ್ನೇ ಕಿತ್ತುಹಾಕಿದ್ದಾರೆ. ಊರಿನ ಹೆಸರುಗಳಂತೂ ಕರುಳು ಚುರ್ ಅನ್ನಿಸುತ್ತವೆ. ಶ್ರೀರಂಗಪಟ್ಟಣ "ಸೆರಿಂಗಪಟಂ" ಆಗಿದೆ. ಪುಲಕೇಶಿ "ಪುಲಕೇಸಿನ್" ಆಗಿದ್ದಾನೆ. ನಮ್ಮ ರಾಜ ಇಂಗ್ಲಿಷಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ನಮಗೇ ಗುರುತು ಸಿಗದ ಹಾಗೆ ಆಗಿದ್ದಾನೆ. ಪ್ರಕಾಶಕರ ಹೆಸರು ಹೇಳುವುದಿಲ್ಲ. ಅವರಿಗೆ ಕಾಗದ ಬರೆದಿದ್ದೇನೆ, ಯಾವ ಪುಟದಲ್ಲಿ ಯಾವ ತಪ್ಪು ಅಂತ ಪಟ್ಟಿ ಮಾಡಿ. ಮುಂದಿನ ಮುದ್ರಣದಲ್ಲಿ ತಿದ್ದಲಿ ಅನ್ನುವುದೇ ನನ್ನ ಆಸೆ. ಅನುವಾದ ತಗೊಳ್ಳುವ ಮೊದಲು ನಿಮಗೆ ಗೊತ್ತಿರುವ ನಾಲ್ಕು ಊರಿನ ಹೆಸರು ಹುಡುಕಿ ನೋಡಿ. ಹೆಸರು ಸರಿ ಇದ್ದರೆ ಅನುವಾದಕರು ಶ್ರಮ ಪಟ್ಟಿದ್ದಾರೆ ಅಂತ ತಿಳಿಯಬಹುದು.

ಆನ್‌ಲೈನಿನಲ್ಲಿ ಒಂದು ಸಲ ಮೋಸ ಹೋದೆ. ಅರ್ಧ ಬೆಲೆಗೆ ಸಿಗುತ್ತದೆ ಅಂತ ತರಿಸಿದ್ದು ಕಳ್ಳ ಮುದ್ರಣ. ಚಿತ್ರಗಳೆಲ್ಲ ಕಪ್ಪು ಮಸಿ ಬಳಿದ ಹಾಗಿದ್ದವು, ಮಧ್ಯೆ ಹದಿನಾರು ಪುಟಗಳೇ ಇರಲಿಲ್ಲ. ಅಂದಿನಿಂದ ಇತಿಹಾಸದ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡದೆ ತಗೊಳ್ಳುವುದಿಲ್ಲ.

ಅಂಗಡಿಗಳ ವಿಷಯಕ್ಕೆ ಬರುತ್ತೇನೆ. ಕನ್ನಡ ಪುಸ್ತಕಕ್ಕೆ ನನ್ನ ಮೊದಲ ಜಾಗ ಗಾಂಧಿ ಬಜಾರಿನ ಅಂಕಿತ. ಮನೆಗೂ ಹತ್ತಿರ, ಹೊಸದಾಗಿ ಬಂದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಒಂದೇ ಕಡೆ ಎಲ್ಲ ಪ್ರಕಾಶಕರದೂ ಬೇಕು ಅಂದರೆ ಗಾಂಧಿನಗರದ ಸಪ್ನಾ. ಅಲ್ಲಿ ಶಾಲೆ ಪುಸ್ತಕದ ಗದ್ದಲ ಇರುವ ಜೂನ್ ತಿಂಗಳು ಬಿಟ್ಟು ಹೋಗಿ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ರಟ್ಟು ಸಾದಾ, ಒಳಗಿನ ಸರಕು ಗಟ್ಟಿ. ವಿಶ್ವವಿದ್ಯಾಲಯಗಳ ಪ್ರಸಾರಾಂಗದ, ಅಂದರೆ ಅವುಗಳ ಪ್ರಕಟಣೆ ವಿಭಾಗದ, ಪುಸ್ತಕಗಳೂ ಹಾಗೇ. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಇರುವಾಗ ಇಡೀ ವರ್ಷದ ಪಟ್ಟಿ ಹಿಡಿದು ಹೋಗುತ್ತೇನೆ.

ಇಂಗ್ಲಿಷ್ ಪುಸ್ತಕಕ್ಕೆ ಚಿಕ್ಕಪೇಟೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಎಂ.ಜಿ. ರಸ್ತೆಯಲ್ಲಿ ಇಳಿಯುತ್ತೇನೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಮತ್ತು ಬುಕ್‌ವರ್ಮ್‌ನಲ್ಲಿ ಓದಿ ಮಾರಿದ ಪುಸ್ತಕಗಳು ಹೊಸದರ ಪಕ್ಕದಲ್ಲೇ ಇರುತ್ತವೆ. ಇತಿಹಾಸದ ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತರೂ ಯಾರೂ ಏನೂ ಅನ್ನುವುದಿಲ್ಲ. ಬ್ರಿಗೇಡ್ ರಸ್ತೆಯ ಅಡ್ಡರಸ್ತೆಯಲ್ಲಿ ಸೆಲೆಕ್ಟ್ ಬುಕ್ ಶಾಪ್ ಇದೆ. 1945ರಿಂದ ನಡೆಯುತ್ತಿದೆ. ಹಳೇ ಬೆಂಗಳೂರು, ಹಳೇ ಮೈಸೂರಿನ ಬಗ್ಗೆ ಈಗ ಮುದ್ರಣದಲ್ಲಿ ಇಲ್ಲದ ಪುಸ್ತಕ ಬೇಕೆಂದರೆ ಅಲ್ಲಿ ಕೇಳಿ. ಅವಸರದಲ್ಲಿ ಹೋಗಬೇಡಿ.

ಕೊಳ್ಳಲು ಆಗದ ಪುಸ್ತಕಗಳೂ ಇರುತ್ತವೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳಲ್ಲಿ ಒಂಬತ್ತನೆಯದು ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂದದ್ದು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಅಂಥದ್ದನ್ನು ನೋಡಬೇಕೆಂದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ಹೋಗಬೇಕು. 1909ರಲ್ಲಿ ಶುರುವಾದ ಸಂಸ್ಥೆ. ಒಳಗೆ ಕಾಲಿಟ್ಟರೆ ಹೊರಗಿನ ವಾಹನಗಳ ಸದ್ದು ಮರೆತುಹೋಗುತ್ತದೆ. ಅವರೇ ಈಗ ಬೆಂಗಳೂರಿನ ಶಾಸನ ಕಲ್ಲುಗಳನ್ನು ತ್ರೀ-ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಈ ಕೆಲಸಕ್ಕೆ ಎಷ್ಟು ಕೈ ಮುಗಿದರೂ ಸಾಲದು. ನಮ್ಮೂರಿನಲ್ಲಿ ಕಲ್ಲು ಒಡೆದು ಪಾಯಕ್ಕೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಎಚ್ಚರಿಕೆ. ಪುಸ್ತಕದ ಮುದ್ರಣ ವರ್ಷ ನೋಡಿ. "ಹತ್ತನೇ ಮುದ್ರಣ" ಅಂದರೆ ತಿದ್ದಿದ್ದಾರೆ ಅಂತ ಅಲ್ಲ. "ಪರಿಷ್ಕೃತ" ಅಂತ ಇದೆಯಾ ನೋಡಿ. ಯಾಕೆ ಅಂದರೆ ನೆಲ ಇನ್ನೂ ಮಾತಾಡುತ್ತಲೇ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಕಿಟ್ಟಯ್ಯ ಅನ್ನುವ ವೀರನ ಕಲ್ಲು ಸಿಕ್ಕಿತು. ಸುಮಾರು 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ನಮ್ಮ ಬೇಗೂರಿನ ಕಲ್ಲಿಗಿಂತ ನೂರು ವರ್ಷಕ್ಕೂ ಹಳೆಯದು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಪಾಳು ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ತೆಗೆದರು. 2018ಕ್ಕೆ ಮೊದಲು ಬರೆದ ಪುಸ್ತಕದಲ್ಲಿ ಇವು ಇರಲು ಸಾಧ್ಯವಿಲ್ಲ. ಅದು ಆ ಲೇಖಕರ ತಪ್ಪಲ್ಲ. ಆದರೆ ಹೋದ ವರ್ಷ ಬಂದ ಪುಸ್ತಕದಲ್ಲೂ ಇಲ್ಲದಿದ್ದರೆ ಕೇಳಬೇಕಾಗುತ್ತದೆ.

ಮಕ್ಕಳ ಪುಸ್ತಕಗಳ ಬಗ್ಗೆ ಹೆಚ್ಚು ಹೇಳಲಾರೆ. ಬಣ್ಣದ ಚಿತ್ರ ಜಾಸ್ತಿ, ಮಾತು ಕಡಿಮೆ, ಎಲ್ಲ ರಾಜರಿಗೂ ಒಂದೇ ಮೀಸೆ. ನನ್ನ ಅಣ್ಣನ ಮಗ ಏಳನೇ ಕ್ಲಾಸು. ಅವನಿಗೆ ದೊಡ್ಡವರ ಪುಸ್ತಕದಿಂದಲೇ ಓದಿ ಹೇಳುತ್ತೇನೆ. ಕಳೆದ ರಜೆಯಲ್ಲಿ ಅವನನ್ನು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಬೇಗೂರಿನಿಂದ ತಂದಿಟ್ಟ ದೊಡ್ಡ ವೀರಗಲ್ಲು ಅಲ್ಲಿದೆ. ಗಂಗ ದೊರೆ ಎರೆಯಪ್ಪನ ಪರವಾಗಿ ನೊಳಂಬರ ವಿರುದ್ಧ ಹೋರಾಡಿ ಸತ್ತ ನಾಗತ್ತರನ ಕಲ್ಲು. ಆನೆ, ಕುದುರೆ, ಬಿದ್ದವರು, ಎಲ್ಲವನ್ನೂ ಕೆತ್ತಿದ್ದಾರೆ. ಹುಡುಗ ಬಹಳ ಹೊತ್ತು ನೋಡಿ, "ಅತ್ತೆ, ಇದು ನಮ್ಮೂರದ್ದಾ? ಮತ್ತೆ ಇಲ್ಲಿ ಯಾಕಿದೆ?" ಅಂದ. ಮನೆಗೆ ಬಂದು ಪುಸ್ತಕದ ಪದಸೂಚಿಯಲ್ಲಿ ಅವನೇ "ಬೇಗೂರು" ಹುಡುಕಿದ. ಮೂರು ಪುಟದ ಸಂಖ್ಯೆ ಇತ್ತು. ಮೂರನ್ನೂ ಓದಿಸಿದ. ಪದಸೂಚಿ ಯಾಕೆ ಬೇಕು ಅನ್ನುವ ಪ್ರಕಾಶಕರಿಗೆ ನನ್ನ ಉತ್ತರ ಇಷ್ಟೇ.

ಪುಸ್ತಕದ ದೇಹದ ಬಗ್ಗೆ ಎರಡು ಮಾತು. ಹೊಲಿಗೆ ಹಾಕಿದ ಪುಸ್ತಕ ತಗೊಳ್ಳಿ. ಬರೀ ಗೋಂದು ಹಚ್ಚಿದ್ದು ಎರಡು ಬೇಸಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ನಾಲ್ಕುನೂರು ಪುಟ ದಾಟಿದರೆ ಬಸ್ಸಿನಲ್ಲಿ ಹಿಡಿದು ಓದಲು ಕೈ ನೋಯುತ್ತದೆ. ಅಕ್ಷರ ಸಣ್ಣದಾದರೆ ರಾತ್ರಿ ಕಣ್ಣಿಗೆ ಆಗುವುದಿಲ್ಲ. ಚಿತ್ರಗಳನ್ನು ನುಣುಪು ಕಾಗದದಲ್ಲಿ ಬೇರೆಯಾಗಿ ಕೊಟ್ಟಿದ್ದರೆ ನೂರು ರೂಪಾಯಿ ಜಾಸ್ತಿಯಾದರೂ ಕೊಡಬಹುದು. ಮುನ್ನೂರು ರೂಪಾಯಿಯ ಒಳಗೆ ಒಳ್ಳೆಯ ಕನ್ನಡ ಪುಸ್ತಕ ಇವತ್ತಿಗೂ ಸಿಗುತ್ತದೆ.

ಈಗ ಓದುತ್ತಿರುವುದು ಫ್ರಾನ್ಸಿಸ್ ಬುಕಾನನ್ ಬರೆದದ್ದು. ಸ್ಕಾಟ್ಲೆಂಡಿನ ವೈದ್ಯ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಅಂತ ಮದ್ರಾಸಿನಿಂದ ಹೊರಟು ನಮ್ಮ ಸೀಮೆಯನ್ನೆಲ್ಲ ಸುತ್ತಿದ. ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ, ಏನು ಮಾರುತ್ತಾರೆ ಅಂತ ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಇದು ಸಾಮಾನ್ಯ ಓದುಗರಿಗೆ ಅಂತ ಬರೆದ ಪುಸ್ತಕ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಬರೆದದ್ದು, ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಒಂದು ಒಳ್ಳೆಯ ಜನಪ್ರಿಯ ಪುಸ್ತಕದ ಹಿಂದಿನ ಪುಟದಲ್ಲಿ ಇವನ ಹೆಸರು ನೋಡಿ ಹುಡುಕಿಕೊಂಡು ಹೋದೆ. ನಮ್ಮ ಪೇಟೆಯ ನೇಕಾರರಾದ ದೇವಾಂಗದವರು, ಪಟ್ಟೇಗಾರರು, ರೇಷ್ಮೆ, ಹತ್ತಿ, ಬಣ್ಣ ಹಾಕುವ ಬಗೆ, ಎಲ್ಲ ಅದರಲ್ಲಿದೆ. ಇನ್ನೂರು ವರ್ಷ ಹಿಂದಿನ ನಮ್ಮದೇ ಬೀದಿಯ ಲೆಕ್ಕ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸೇಠಿಗೂ ಒಂದು ಪುಟ ಅನುವಾದ ಮಾಡಿ ಹೇಳಿದೆ. ಅವರು ಗಮನ ಕೊಟ್ಟು ಕೇಳಿ, "ಆಗ ಸೀರೆಗೆ ರೇಟು ಎಷ್ಟು ಬರೆದಿದ್ದಾನಮ್ಮ?" ಅಂದರು.

ಇನ್ನೂ ಆ ಪುಟಕ್ಕೆ ಬಂದಿಲ್ಲ. ನನ್ನ ಹತ್ತಿರ ಇರುವುದು ಮೊದಲನೇ ಸಂಪುಟ ಮಾತ್ರ. ಉಳಿದೆರಡನ್ನು ಕೇಳಿಟ್ಟಿದ್ದೇನೆ. ಬರುವ ಭಾನುವಾರ ಹೋಗಿ ನೋಡಬೇಕು.